ನಾಯಿ ಅಡ್ಡ ಬಂತು ಎಂದಿದ್ದೆ

ನಮ್ಮ ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಮಕ್ಕಳಿಗೆ ಹೇಳುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. ಸ್ಕೂಟರಿನಲ್ಲಿ, ಅದೂ ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಬರುವ ಶಿಕ್ಷಕಿ ನಾನೊಬ್ಬಳೇ ಎನ್ನುವುದೇ ಅದಕ್ಕೆ ಕಾರಣ. ಎರಡು ವರ್ಷಗಳಿಂದ ಆ ಕೆಲಸ ಬೇಡ ಎಂದು ತಪ್ಪಿಸಿಕೊಂಡಿದ್ದೇನೆ. ಈ ಸಲ ನಮ್ಮ ಹೆಡ್‌ಮಾಸ್ಟರು ಬಿಡಲಿಲ್ಲ. "ಶೈಲಜಾ ಮೇಡಮ್, ಮೈಕ್ ಮುಂದೆ ಆಗ್ದಿದ್ರೆ ಬರ್ದಾದ್ರೂ ಕೊಡಿ" ಎಂದರು. ಬರೆಯಲು ಕುಳಿತೆ. ಇದು ಮಕ್ಕಳಿಗೆ ಓದಿ ಹೇಳುವಂಥದ್ದಾಗಿ ಉಳಿದಿಲ್ಲ. ದೊಡ್ಡವರು ಓದಿಕೊಳ್ಳಲಿ.

ನಾನಿರುವುದು ನಂಜನಗೂಡಿನಲ್ಲಿ. ಮನೆಯಲ್ಲಿ ನಾವು ನಾಲ್ವರು. ಸಹಕಾರ ಸಂಘದಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಶಿವಪ್ರಸಾದ್, ಅತ್ತೆ, ಮಗಳು ಸಿಂಚನ ಮತ್ತು ನಾನು. ನನ್ನ ಶಾಲೆ ಚಿಕ್ಕಯ್ಯನಛತ್ರ ಹೋಬಳಿಯ ಒಂದು ಹಳ್ಳಿಯಲ್ಲಿದೆ. ತವರು ಮನೆ ಟಿ. ನರಸೀಪುರ. ಹತ್ತು ವರ್ಷ ಈ ದಾರಿಗಳಲ್ಲೆಲ್ಲ ಸ್ಕೂಟರ್ ಓಡಿಸಿದ್ದೇನೆ. ಒಂದು ಸಲವೂ ಬಿದ್ದಿರಲಿಲ್ಲ.

ಅವತ್ತು ಶನಿವಾರ, ಬೆಳಗಿನ ಶಾಲೆ. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ನೋಡಿಕೊಂಡು ಬರೋಣವೆಂದು ಊಟ ಮುಗಿಸಿ ಸಿಂಚನಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಆಗ ಅವಳಿಗೆ ಒಂಬತ್ತು ವರ್ಷ. ಅವಳಿಗೆಂದೇ ತಂದ ಪುಟ್ಟ ಹೆಲ್ಮೆಟ್ ಬೀರುವಿನ ಮೇಲಿತ್ತು. "ತಲೆಯೆಲ್ಲ ಬೆವರತ್ತಮ್ಮ, ಬೇಡ" ಎಂದಳು. ಸ್ಟೂಲು ಹಾಕಿ ಅದನ್ನು ಇಳಿಸಬೇಕಿತ್ತು. "ಸರಿ, ಇವತ್ತೊಂದಿನ ಇರಲಿ ಬಾ" ಎಂದುಬಿಟ್ಟೆ. ನನ್ನ ಹೆಲ್ಮೆಟ್ ನಾನು ಹಾಕಿಕೊಂಡೆ.

ಕೊಯ್ಲಿನ ಕಾಲ. ಒಂದು ಕಡೆ ರಸ್ತೆಯ ತುಂಬ ಹುರುಳಿ ಹರಡಿದ್ದರು, ಗಾಡಿಗಳು ಓಡಾಡಿ ಕಾಳು ಉದುರಲಿ ಎಂದು. ಜಾರೀತೆಂದು ಕಾಲು ಇಳಿಬಿಟ್ಟುಕೊಂಡು ನಿಧಾನವಾಗಿ ದಾಟಿದೆ. ಚಕ್ರಕ್ಕೆ ಸಿಕ್ಕಿದ ಬಳ್ಳಿ ಚಟಚಟ ಎಂದಿತು, ಸಿಂಚನ ನಕ್ಕಳು. ಆಮೇಲೆ ಒಳ್ಳೆಯ ರಸ್ತೆ, ಎಡಕ್ಕೆ ನಾಲೆಯ ನೀರು ಉಂಡ ಗದ್ದೆಗಳು. ಜೋಕಾಲಿ ಮೇಲಿನಿಂದ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಆಗುತ್ತದಲ್ಲ, ಹಾಗೆ ಆಯಿತು. ಅಷ್ಟೇ ನನಗೆ ಗೊತ್ತಿರುವುದು.

ಕಣ್ಣು ಬಿಟ್ಟಾಗ ಯಾರೋ ಒಬ್ಬ ಹೆಂಗಸು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. "ಎದ್ರು ಕಣ್ಲಾ, ಎದ್ರು. ಎಲ್ಲಿಗ್ ಓಯ್ತಿದ್ರವ್ವಾ?" ಎಂದು ಕೇಳಿದಳು. ಪ್ರಶ್ನೆ ಅರ್ಥವಾಯಿತು, ಉತ್ತರ ಬಾಯಿಗೆ ಬರಲಿಲ್ಲ. ಸ್ಕೂಟರು ಗದ್ದೆಯಲ್ಲಿ ಮಗುಚಿಕೊಂಡು ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಬದುವಿನ ಮೇಲೆ ಸಿಂಚನ ಕುಳಿತಿದ್ದಳು, ಅಳುತ್ತಿರಲಿಲ್ಲ. ಹಣೆಯಿಂದ ರಕ್ತ ಇಳಿದು ಕಣ್ಣ ರೆಪ್ಪೆಗೆ ಬಂದಿತ್ತು. ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದುಕೊಂಡಿದ್ದಳು. ಆ ಎಡಗೈ ಮೊಣಕೈಯ ಹತ್ತಿರ, ಕೈ ಬಾಗಬಾರದ ಕಡೆಗೆ ಬಾಗಿತ್ತು.

ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವಯಸ್ಸಾದವರು ರಸ್ತೆಯ ಕಡೆ ಕೈ ತೋರಿಸಿ ಎಲ್ಲರಿಗೂ ಹೇಳುತ್ತಿದ್ದರು. "ನಾನ್ ನಿಂತ್ಕಂಡ್ ನೋಡ್ತಾನೇ ಇವ್ನಿ. ಗುಂಡಿಯಿಲ್ಲ, ಎದ್ರುಗೆ ಒಂದ್ ಗಾಡಿ ಬರ್ನಿಲ್ಲ. ನೆಟ್ಗೆ ಬಂದು ನೆಟ್ಗೇ ಇಳ್ದ್‌ಬುಟ್ರಲ್ಲವ್ವಾ! ಫೋನ್ನಲ್ಲಿ ಮಾತಾಡ್ತಿದ್ರಾ?"

ಎಲ್ಲರೂ ನನ್ನನ್ನೇ ನೋಡಿದರು. ಫೋನು ಬ್ಯಾಗಿನ ತಳದಲ್ಲಿತ್ತು. ಏನಾಯಿತೆಂದು ಅವರಷ್ಟೇ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಿ ಗೊತ್ತಿಲ್ಲ ಎನ್ನುವುದು ಹೇಗೆ?

"ನಾಯಿ ಅಡ್ಡ ಬಂತು" ಎಂದೆ.

ಆ ವಯಸ್ಸಾದವರು ರಸ್ತೆಯನ್ನು ಇನ್ನೊಮ್ಮೆ ನೋಡಿದರು. ಯಾರೋ ಕಾರು ನಿಲ್ಲಿಸಿ ನಮ್ಮಿಬ್ಬರನ್ನೂ ನರಸೀಪುರದ ಆಸ್ಪತ್ರೆಗೆ ಕರೆದೊಯ್ದರು. ಅವರ ಸೀಟಿನ ಮೇಲೆಲ್ಲ ನನ್ನ ಸೀರೆಯ ಕೆಸರು. "ಪರ್ವಾಗಿಲ್ಲ ಬಿಡಿ ಮೇಡಮ್, ಮಗು ಕೈ ನೋಡ್ಕೊಳ್ಳಿ" ಎಂದ ಆ ಮನುಷ್ಯನ ಹೆಸರನ್ನೂ ನಾನು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಸಿಂಚನಳ ಹಣೆಗೆ ಹೊಲಿಗೆ ಹಾಕುವಾಗ ನರ್ಸು ಅವಳ ಗಮನ ಬೇರೆ ಕಡೆ ತಿರುಗಿಸಲು ಮಾತಾಡಿಸುತ್ತಿದ್ದಳು. "ನಾಯಿ ಬಂತಂತಲ್ಲ ಪುಟ್ಟಿ, ಯಾವ ಬಣ್ಣದ್ದು?"

ಸಿಂಚನ ನನ್ನ ಮುಖ ನೋಡಿದಳು.

"ಕರೀದು" ಎಂದಳು.

ನನಗೆ ಸಮಾಧಾನವಾಯಿತು. ಹಾಗಾದರೆ ನಾಯಿ ಬಂದೇ ಬಂದಿರಬೇಕು, ನನಗೆ ಮರೆತಿದೆ ಅಷ್ಟೇ ಎಂದುಕೊಂಡೆ. ಸಂಜೆಯ ಹೊತ್ತಿಗೆ ಆ ಕರಿನಾಯಿ ನನ್ನ ಕಣ್ಣಿಗೆ ಕಟ್ಟುವಷ್ಟು ನಿಜವಾಗಿತ್ತು. ಗಂಡ ಬಂದಾಗ ಅದು ಯಾವ ಕಡೆಯಿಂದ ಬಂತು, ನಾನು ಹೇಗೆ ಬ್ರೇಕ್ ಹಾಕಿದೆ ಎಂದೆಲ್ಲ ವಿವರಿಸಿದೆ.

ಮೈಸೂರಿನಲ್ಲಿ ಸಿಂಚನಳ ಮೊಣಕೈಗೆ ಆಪರೇಷನ್ ಆಯಿತು. ಎರಡು ತಂತಿ ಹಾಕಿ ಕೂಡಿಸಿದರು. ನನಗೆ ಮೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೆಲ್ಮೆಟ್ಟಿನ ಎಡಭಾಗ ಸೀಳಿತ್ತು. ಅದನ್ನು ನೋಡಿದವರೆಲ್ಲ ಇದಿಲ್ಲದಿದ್ದರೆ ನೀವು ಉಳೀತಿರಲಿಲ್ಲ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಮಗಳ ಹಣೆಯ ಹೊಲಿಗೆಯ ಕಡೆ ನೋಡದಂತೆ ಎಚ್ಚರ ವಹಿಸುತ್ತಿದ್ದೆ.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಸ್ಕೂಟರು ರಿಪೇರಿಯಾಗಿ ಬಂದ ಮೇಲೆ ನಾನು ಮತ್ತೆ ಓಡಿಸಿದೆ. ಭಯ ಕೂರುವ ಮುಂಚೆ ಓಡಿಸಿಬಿಡಬೇಕು ಎಂದು ಎಲ್ಲರೂ ಹೇಳಿದರು, ನನಗೂ ಅದೇ ಬೇಕಿತ್ತು. ಐದು ವಾರ ಓಡಿಸಿದೆ. ಆ ಐದು ವಾರಗಳಲ್ಲಿ ಏನೋ ಸರಿಯಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಒಂದು ದಿನ ತರಗತಿಯಲ್ಲಿ ನೋಡುತ್ತೇನೆ, ಬೋರ್ಡಿನ ಮೇಲೆ ನನ್ನದೇ ಸೀಮೆಸುಣ್ಣದಲ್ಲಿ ಅರ್ಥವಿಲ್ಲದ ಗೀಚು. ಯಾವಾಗ ಬರೆದೆ ಎಂದು ನೆನಪಿಲ್ಲ. ಮಕ್ಕಳು ಸದ್ದಿಲ್ಲದೆ ಕುಳಿತಿದ್ದರು. ಬೇಗ ಒರೆಸಿಬಿಟ್ಟೆ. ಇನ್ನೊಂದು ದಿನ ಚಹಾ ಲೋಟ ಕೈಯಿಂದ ಜಾರಿ, ಒಡೆದ ಚೂರುಗಳು ಕಾಲ ಬಳಿ ಬಿದ್ದಿದ್ದವು. ಬಿದ್ದ ಸದ್ದು ನನಗೆ ಕೇಳಿಸಿರಲಿಲ್ಲ. ಅದನ್ನೂ ಗುಡಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಶನಿವಾರದ್ದು ನನ್ನ ತಲೆಗೇ ಬರುತ್ತಿತ್ತು.

ಸಿಂಚನ ಮಾತ್ರ ನನ್ನ ಗಾಡಿ ಹತ್ತಲಿಲ್ಲ. ಅವಳ ಶಾಲೆ ನಂಜನಗೂಡಿನಲ್ಲೇ, ಮುಕ್ಕಾಲು ಮೈಲಿ. "ನಡೀತೀನಿ" ಎಂದು ಹೊರಟುಬಿಡುತ್ತಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡೆ.

ಗಂಡನ ಕಣ್ಣಿಗೆ ಅದು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ದೋಸೆ ಹುಯ್ಯುತ್ತಿದ್ದೆ. ನನಗೆ ನೆನಪಿರುವಂತೆ, ಸೌಟಿನಲ್ಲಿ ಹಿಟ್ಟು ತೆಗೆದುಕೊಂಡೆ, ಆ ಮರುಕ್ಷಣವೇ ಅತ್ತೆ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಒಲೆ ಆರಿತ್ತು. ನೆಲದ ತುಂಬ ದೋಸೆ ಹಿಟ್ಟು. ಬಾಗಿಲಲ್ಲಿ ಶಿವಪ್ರಸಾದ್ ನನ್ನನ್ನು ಗುರುತಿಲ್ಲದವಳನ್ನು ನೋಡುವಂತೆ ನೋಡುತ್ತಿದ್ದರು.

"ಏನು? ಯಾಕೆ ಹೀಗ್ ನೋಡ್ತಿದ್ದೀರಾ?" ಎಂದು ರೇಗಿದೆ.

"ಶೈಲಾ, ಮೂರು ಸಲ ಕರೆದೆ. ನಿಂಗೆ ಕೇಳಿಸ್ಲಿಲ್ವಾ?"

"ಯಾವಾಗ ಕರೆದ್ರಿ?"

ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಮಾರನೆಯ ವಾರವೇ ಮೈಸೂರಿನ ನರರೋಗ ತಜ್ಞರ ಹತ್ತಿರ ಕರೆದೊಯ್ದರು. ಅದೇ ದಿನ ಸಿಂಚನಳ ಕೈಯ ತಪಾಸಣೆಯೂ ಇದ್ದದ್ದರಿಂದ ಅವಳೂ ಜೊತೆಗಿದ್ದಳು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಗಂಡ ಅಡುಗೆಮನೆಯಲ್ಲಿ ಕಂಡದ್ದನ್ನು ಹೇಳಿದರು. ಆಕೆ ನನ್ನ ಕಡೆ ತಿರುಗಿ ಕೇಳಿದರು. "ಇದಕ್ಕೆ ಮುಂಚೆ ಹೀಗೆ ಯಾವಾಗಾದ್ರೂ ಆಗಿತ್ತಾ? ಎಲ್ಲಾದ್ರೂ ಬಿದ್ದಿದ್ರಾ?"

"ಇಲ್ಲ. ಒಂದ್ಸಲ ಸ್ಕೂಟರಿಂದ ಬಿದ್ದೆ. ಅದು ನಾಯಿ ಅಡ್ಡ ಬಂದು."

"ನಾಯಿ ಇರ್ಲಿಲ್ಲ" ಎಂದಳು ಸಿಂಚನ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಏನಾಯ್ತು, ಹೇಳು ಪುಟ್ಟಾ" ಎಂದರು.

ಸಿಂಚನ ನನ್ನ ಕಡೆ ನೋಡದೆ ಮೇಜಿನ ಅಂಚು ನೋಡುತ್ತಾ ಹೇಳಿದಳು. "ಅಮ್ಮ ಬಾಯಿ ಚಪ್ಪರಿಸ್ತಾ ಇದ್ಲು. ಕನ್ನಡೀಲಿ ಕಾಣಿಸ್ತಿತ್ತು. ನಾನು ಅಮ್ಮಾ ಅಮ್ಮಾ ಅಂದೆ. ಭುಜ ಹಿಡ್ಕೊಂಡು ಅಲ್ಲಾಡಿಸ್ದೆ. ಗಾಡಿ ಹೋಗ್ತಾನೇ ಇತ್ತು. ನಂಗೆ ನಿಲ್ಸಕ್ಕೆ ಬರಲ್ವಲ್ಲ."

"ಮತ್ಯಾಕೆ ಹೇಳ್ಲಿಲ್ಲ ಮಗಳೇ?" ಎಂದು ಅವಳಪ್ಪ ಕೇಳಿದರು.

"ಅಮ್ಮ ನಾಯಿ ಅಂದ್ಲಲ್ಲ. ಅದಕ್ಕೆ."

ನನ್ನ ಮಗಳು ಎಚ್ಚರವಿದ್ದುಕೊಂಡು, ಕಣ್ಣು ಬಿಟ್ಟುಕೊಂಡು, ಚಾಲಕರೇ ಇಲ್ಲದ ಗಾಡಿಯ ಹಿಂದೆ ಕುಳಿತಿದ್ದಳು. ನಾನು ಅವಳ ಮುಂದೆಯೇ ಇದ್ದೆ, ಆದರೂ ಇರಲಿಲ್ಲ. ಹಣೆ ಒಡೆದದ್ದಕ್ಕಿಂತ, ಕೈ ಮುರಿದದ್ದಕ್ಕಿಂತ ಇದನ್ನು ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ. ಆಮೇಲೆ ಎರಡು ತಿಂಗಳು ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ನನ್ನ ಮಾತು ಉಳಿಸಲಿಕ್ಕಾಗಿ.

ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. ಅಪಸ್ಮಾರ, ಊರ ಭಾಷೆಯಲ್ಲಿ ಮೂರ್ಛೆ ರೋಗ. ಬಿದ್ದು ಒದ್ದಾಡುವ ಬಗೆಯದಲ್ಲ, ನಿಂತಲ್ಲೇ ಎಚ್ಚರ ತಪ್ಪುವ ಬಗೆಯದು. ಡಾಕ್ಟರು ಇನ್ನೂ ವಿವರಿಸುತ್ತಿರುವಾಗಲೇ ನಾನು ಕೇಳಿದ ಮೊದಲ ಪ್ರಶ್ನೆ, "ಗಾಡಿ ಯಾವಾಗಿಂದ ಓಡಿಸ್ಬಹುದು?"

"ಗಾಡಿ ಬೇಡ" ಎಂದರು ಆಕೆ. "ಎಷ್ಟು ದಿನ ಅಂತ ಈಗ ಕೇಳ್ಬೇಡಿ. ಬೇಡ ಅಷ್ಟೇ."

ಪರೀಕ್ಷೆಗೂ ಫಲಿತಾಂಶಕ್ಕೂ ನಡುವೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪುಟ್ಟಸ್ವಾಮಿ ಮತ್ತು ಜಯಮ್ಮ ಪರಿಚಯವಾದರು. ಗಂಡ ಹೆಂಡತಿ, ಬನ್ನೂರಿನ ಹತ್ತಿರದ ಹಳ್ಳಿಯವರು. ನನ್ನ ಕೂದಲಿಗೆ ಪರೀಕ್ಷೆಯ ಅಂಟು ಮೆತ್ತಿಕೊಂಡು ಒಣಗುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಹರಡಿದ್ದೆ. ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ.

"ನಮ್ದೂ ಅದೇಯಾ ಮೇಡಮ್" ಎಂದು ಎದುರು ಬೆಂಚಿನಿಂದ ಪುಟ್ಟಸ್ವಾಮಿ ತಲೆ ಬಗ್ಗಿಸಿ ತೋರಿಸಿದರು. "ನೋಡಿ, ಪೋಸ್ಟರ್ ಅಂಟ್ಸಕ್ಕೆ ಮೈದಾ ಬಳ್ದಂಗೆ ಬಳ್ದವ್ರೆ."

ಅಳುವಿನ ನಡುವೆಯೇ ನಗು ಬಂತು. ಜಯಮ್ಮ ಎದ್ದು ಬಂದು, ಟವೆಲ್ಲನ್ನು ನೀರಿನಲ್ಲಿ ಅದ್ದಿ, ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು ಒಂದೊಂದೇ ಎಳೆ ಒರೆಸಿದರು. ಯಾರು, ಯಾವ ಜನ ಎಂದು ಕೇಳಲಿಲ್ಲ. "ಅಳ್ಬೇಡಿ ಕಣವ್ವ. ಮಾತ್ರೆಗೆ ಕೇಳ್ತದಂತೆ" ಎಂದರು. ಪುಟ್ಟಸ್ವಾಮಿಯವರಿಗೆ ಸ್ವಂತ ಟೆಂಪೊ ಇತ್ತು. ಬನ್ನೂರಿನ ಕಡೆಯಿಂದ ಮೈಸೂರಿನ ಮಾರುಕಟ್ಟೆಗೆ ತರಕಾರಿ ಸಾಗಿಸುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕುಳಿತಾಗ ಎರಡು ಸಲ ಹಾಗೇ ಕಲ್ಲಿನಂತಾಗಿದ್ದರಂತೆ. ಅವರಿಗೂ ನನಗೂ ಮೂರು ತಿಂಗಳ ಮಾತ್ರೆ, ಮುಂದಿನ ಬಾರಿ ಬರಬೇಕಾದ ದಿನವೂ ಒಂದೇ. ಫೋನ್ ನಂಬರು ಕೊಟ್ಟುಕೊಂಡೆವು. ಅವರೂ ಓಡಿಸುವುದನ್ನು ಬಿಡುತ್ತಾರೆಂದು ನಾನು ಅಂದುಕೊಂಡೆ. ಆಮೇಲೆ ತಪಾಸಣೆಯಲ್ಲಿ ಸಿಕ್ಕಾಗಲೂ ಕೇಳಲಿಲ್ಲ.

ಮನೆಗೆ ಬಂದ ದಿನವೇ ಶಿವಪ್ರಸಾದ್ ಬಚ್ಚಲಮನೆಯ ಚಿಲಕ ಬಿಚ್ಚಿದರು. ಒಳಗೆ ಎಚ್ಚರ ತಪ್ಪಿದರೆ ಬಾಗಿಲು ಒಡೆಯಬೇಕಾಗಬಾರದಲ್ಲ. ನಲವತ್ತರ ಹೆಂಗಸು ಚಿಲಕವಿಲ್ಲದ ಕೋಣೆಯಲ್ಲಿ ಸ್ನಾನ ಮಾಡುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ಅತ್ತೆ ಮೊದಲ ದಿನ ಒಂದೇ ಮಾತು ಹೇಳಿದ್ದರು. "ಊರಿಗೆಲ್ಲ ಹೇಳ್ಕೊಂಡು ತಿರುಗ್ಬೇಡಿ. ಹೆಣ್ಣು ಮಗು ಇದೆ, ನಾಳೆ ಗಂಡು ನೋಡ್ಬೇಕು." ಆ ಮಾತು ನನಗೆ ನಾಟಿತ್ತು. ಅದೇ ಅತ್ತೆ ಮರುದಿನದಿಂದ ನಾನು ಸ್ನಾನಕ್ಕೆ ಹೋದಾಗಲೆಲ್ಲ ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕುಳಿತರು. ಸುಮ್ಮನೆ ಕೂರಲಿಲ್ಲ, ಮಾತಾಡುತ್ತಲೇ ಇದ್ದರು. ಪಕ್ಕದ ಮನೆಯವರ ಜಗಳ, ಹುಣಿಸೆಹಣ್ಣಿನ ರೇಟು, ತಮ್ಮ ಬಾಲ್ಯದ ಊರು. ನಾನು ಒಳಗಿನಿಂದ "ಹ್ಞೂಂ" ಎನ್ನುತ್ತಿರಬೇಕು. ಒಂದು "ಹ್ಞೂಂ" ತಡವಾದರೆ ಬಾಗಿಲು ಕಿರುಗುಟ್ಟುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಅವರು ತಪ್ಪಿಸಿಲ್ಲ.

ಶಾಲೆಗೆ ಬಸ್ಸಿನಲ್ಲಿ ಹೋಗತೊಡಗಿದೆ. ಬಸ್ಸು ಇಳಿದು ಒಂದೂವರೆ ಮೈಲಿ ನಡಿಗೆ. ಮಕ್ಕಳಿಗೆ ಒಂದು ದಿನ ನಾನೇ ಹೇಳಿದೆ, ನಿಮ್ಮ ಮಿಸ್‌ಗೆ ಒಂದು ಕಾಯಿಲೆ ಇದೆ, ಕೆಲವೊಮ್ಮೆ ಸುಮ್ಮನೆ ನಿಂತುಬಿಡುತ್ತೇನೆ, ಹೆದರಬೇಡಿ ಎಂದು. ಐದನೇ ತರಗತಿಯ ಒಬ್ಬಳು ಎದ್ದು ನಿಂತು, "ಗೊತ್ತು ಮಿಸ್. ನೀವು ಸ್ಟ್ಯಾಚು ಆಯ್ತೀರಲ್ಲ, ಅದೇ ಅಲ್ವಾ?" ಎಂದಳು. ಅವರೆಲ್ಲ ಅದಕ್ಕೊಂದು ಹೆಸರೇ ಇಟ್ಟಿದ್ದರು. ನಾವು ಗಲಾಟೆ ಮಾಡಿದರೆ ಮಿಸ್ ಸ್ಟ್ಯಾಚು ಆಗ್ತಾರೆ, ನಾವು ಸುಮ್ಮನಾಗುವವರೆಗೆ ಅಲ್ಲಾಡಲ್ಲ ಎಂದು ಅವರ ತಿಳಿವಳಿಕೆ. ಅದಕ್ಕೇ ಸದ್ದಿಲ್ಲದೆ ಕೂರುತ್ತಿದ್ದರು.

"ಯಾವಾಗಿಂದ?" ಎಂದು ಕೇಳಿದೆ.

"ನಾವು ನಾಲ್ಕ್ನೇ ಕ್ಲಾಸಿಗೆ ಬಂದಾಗಿಂದ್ಲೂ ಮಿಸ್."

ಅಂದರೆ ಆ ಶನಿವಾರಕ್ಕೆ ಎಷ್ಟೋ ತಿಂಗಳು ಮುಂಚಿನಿಂದ. ಅಷ್ಟೂ ತಿಂಗಳು ಬೆಳಿಗ್ಗೆ ಸಂಜೆ ನಾನು ಆ ರಸ್ತೆಯಲ್ಲಿ ಓಡಾಡಿದ್ದೇನೆ. ಶಾಲೆ ಬಿಟ್ಟ ಮಕ್ಕಳು ಗುಂಪುಗುಂಪಾಗಿ ನಡೆಯುವ ರಸ್ತೆ ಅದು. ಆ ಮಕ್ಕಳ ಪಕ್ಕದಲ್ಲಿ ನಾನು ಎಷ್ಟು ಸಲ ಇಲ್ಲದೆ ಹಾದುಹೋಗಿರಬಹುದು? ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ಯಾರಿಗೂ ಏನೂ ಆಗಿಲ್ಲ ಎನ್ನುವುದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಮಾತ್ರೆ ಹಿಡಿಯಿತು ಎಂದುಕೊಂಡಿದ್ದೆ. ಏಳನೇ ತಿಂಗಳಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಆಯಿತು. ಎಚ್ಚರವಾದಾಗ ಮಹಿಳಾ ಕಂಡಕ್ಟರೊಬ್ಬರು ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಹಿಮ್ಮುಖವಾಗಿ ಬರುತ್ತಿದ್ದ ಬಸ್ಸಿನ ಚಕ್ರದ ಕಡೆಗೇ ನಡೆದಿದ್ದೆನಂತೆ. "ಒಬ್ರೇ ಓಡಾಡ್ಬೇಡಿ ಕಣ್ರೀ" ಎಂದು ಗದರಿ, ನೀರು ಕೊಟ್ಟು, ತಮ್ಮ ಸೀಟಿನ ಪಕ್ಕದಲ್ಲೇ ಕೂರಿಸಿಕೊಂಡರು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಎಣಿಸಿಕೊಂಡು ಬಂದಿದ್ದ ತಿಂಗಳುಗಳು ಮತ್ತೆ ಸೊನ್ನೆಯಿಂದ ಶುರುವಾದವು. ಅವತ್ತು ರಾತ್ರಿ ನಾನು ಶಿವಪ್ರಸಾದ್‌ಗೆ ಹೇಳಿ ಸ್ಕೂಟರು ಮಾರಿಸಿಬಿಟ್ಟೆ. ಮನೆಯ ಮುಂದೆ ಅದು ನಿಂತಿದ್ದರೆ ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಇದಾದ ಮೇಲೆ ಒಂದು ಭಾನುವಾರ ಸಿಂಚನಳ ಜೊತೆ ಬಸ್ಸಿನಲ್ಲಿ ನರಸೀಪುರಕ್ಕೆ ಹೊರಟಿದ್ದೆ. ಊರು ಹತ್ತಿರವಾದಾಗ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡವಾಗಿ ತಿರುಗುತ್ತಾ ಎಲ್ಲ ಗಾಡಿಗಳೂ ನಿಂತವು. ನನ್ನ ಕಿಟಕಿಯ ಕೆಳಗೇ ಎಲೆಕೋಸಿನ ಮೂಟೆ ತುಂಬಿದ ಒಂದು ಟೆಂಪೊ ಬಂದು ನಿಂತಿತು. ಓಡಿಸುತ್ತಿದ್ದವರು ಪುಟ್ಟಸ್ವಾಮಿ.

ಪಕ್ಕದಲ್ಲಿ ಜಯಮ್ಮ ಕುಳಿತಿದ್ದರು. ಅವರ ಬಲಗೈ ಎರಡು ಸೀಟುಗಳ ನಡುವಿನ ಹ್ಯಾಂಡ್ ಬ್ರೇಕಿನ ಮೇಲಿತ್ತು. ಸುಮ್ಮನೆ ಇಟ್ಟ ಕೈಯಲ್ಲ, ಬಿಗಿಯಾಗಿ ಹಿಡಿದ ಕೈ. ಅವರು ರಸ್ತೆ ನೋಡುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದರು. ಟ್ರ್ಯಾಕ್ಟರು ಸರಿಯಿತು, ಟೆಂಪೊ ಮುಂದೆ ಹೋಯಿತು, ಜಯಮ್ಮ ಕಣ್ಣು ಕದಲಿಸಲಿಲ್ಲ. ಸಿಂಚನಳೂ ನೋಡಿದ್ದಳು. ಅವಳು ನನ್ನ ಕೈ ಹಿಡಿದುಕೊಂಡು ನರಸೀಪುರ ಬರುವವರೆಗೂ ಬಿಡಲಿಲ್ಲ.

ಅಮ್ಮನ ಮನೆಯಿಂದ ಫೋನ್ ಮಾಡಿದೆ. ಪುಟ್ಟಸ್ವಾಮಿ ಕೂಡಲೇ ಎತ್ತಿಕೊಂಡರು. "ಓ, ಮೇಡಮ್! ಚೆನ್ನಾಗಿದ್ದೀರಾ? ಮಾತ್ರೆ ಸರಿಯಾಗ್ ತಗತಿವ್ನಿ. ಎಂಟ್ ತಿಂಗ್ಳಾಯ್ತು, ಒಂದ್ಸಲನೂ ಬಂದಿಲ್ಲ ನಂಗೆ." ಹಿಂದಿನಿಂದ ಹಾರ್ನು, ಇಂಜಿನ್ನಿನ ಸದ್ದು, ಜಯಮ್ಮನ ದನಿ: "ಎಡಕ್ಕೆ ತಗಳಿ, ಎಡಕ್ಕೆ!" ನಾನು ಮಾತಾಡಿದಷ್ಟು ಹೊತ್ತೂ ಅವರ ಗಮನ ನನ್ನ ಕಡೆ ಇರುತ್ತದೆ ಎಂದು ಹೊಳೆದು ಫೋನು ಇಟ್ಟುಬಿಟ್ಟೆ.

"ಪೊಲೀಸಿಗೆ ಹೇಳೋಣ್ವಾ?" ಎಂದರು ಶಿವಪ್ರಸಾದ್, ಸಂಜೆ ನಂಜನಗೂಡಿಗೆ ವಾಪಸಾಗಿ ಎಲ್ಲ ಹೇಳಿದಾಗ. ಹೇಳಬೇಕು ಎಂದು ಬುದ್ಧಿ ಹೇಳುತ್ತಿತ್ತು. ನನ್ನ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ಅಂಟು ಒರೆಸಿದ ಹೆಂಗಸು ಕಣ್ಣ ಮುಂದೆ ಬರುತ್ತಿದ್ದಳು. ಅಲ್ಲದೆ, ಗೊತ್ತಿದ್ದೂ ಐದು ವಾರ ಓಡಿಸಿದವಳು ನಾನು. ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರ ಸಹಾಯಕಿಗೆ ಹೇಳಿದೆ. ನಾವು ಅವರಿಗೆ ಬೇಡ ಅಂತಲೇ ಹೇಳಿದ್ದೇವೆ, ಚೀಟಿಯಲ್ಲೂ ಬರೆದಿದ್ದೇವೆ ಎಂದರು. ಮುಂದಿನ ತಪಾಸಣೆಗೆ ಇನ್ನೂ ಹದಿನೆಂಟು ದಿನವಿತ್ತು. ಆ ಹದಿನೆಂಟು ದಿನವೂ ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನಮ್ಮ ಜಿಲ್ಲೆಯ ಪುಟ ತೆಗೆಯುತ್ತಿದ್ದೆ.

ತಪಾಸಣೆಯ ದಿನ ಅವರಿಬ್ಬರೂ ಅದೇ ಬೆಂಚಿನ ಮೇಲೆ ಇದ್ದರು. ಸಿಂಚನ ನನ್ನ ಪಕ್ಕ ಕುಳಿತಳು. ಕುಶಲ ಮಾತಾಡುವ ತಾಳ್ಮೆ ನನಗಿರಲಿಲ್ಲ.

"ನರಸೀಪುರದ ಹತ್ರ ನಿಮ್ಮನ್ನ ನೋಡಿದೆ" ಎಂದೆ. "ಬಿಟ್ಟುಬಿಡಿ ಪುಟ್ಟಸ್ವಾಮಿಯವರೇ. ದಯವಿಟ್ಟು."

ಅವರು ನಕ್ಕರು. "ನೀವು ಟೀಚರಮ್ಮ. ಬಸ್ಸಲ್ ಓದ್ರೂ ಪಾಠ ಮಾಡ್ಬೋದು. ನಂಗೆ ಸ್ಟೇರಿಂಗ್ ಬುಟ್ರೆ ಏನ್ ಬತ್ತದೆ ಏಳಿ? ಒಂಬತ್ ತಿಂಗ್ಳಿಂದ ಏನೂ ಇಲ್ಲ. ಬೇಕಾದ್ರೆ ಇವ್ಳನ್ನೇ ಕೇಳಿ. ದಿನಾ ಪಕ್ಕದಲ್ಲೇ ಕೂತಿರ್ತಾಳೆ."

ನಾನು ಜಯಮ್ಮನನ್ನು ನೋಡಿದೆ. "ನೀವು ಬ್ರೇಕ್ ಹಿಡ್ಕೊಂಡಿದ್ರಿ" ಎಂದೆ.

"ಇವ್ರ ಕಣ್ಣು ನೆಟ್ಟಂಗಾದ್ರೆ ಎಳ್ದ್‌ಬುಡನ ಅಂತ ಕಣವ್ವ."

"ಎಳೆದಿದ್ದೀರಾ?"

ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಪುಟ್ಟಸ್ವಾಮಿಯವರ ಮುಖದಲ್ಲಿ ನಗು ಇನ್ನೂ ಇತ್ತು. "ಏಳಮ್ಮಿ, ಎಲ್ಲೆಳ್ದಿದ್ದೀಯೆ" ಎಂದರು.

"ಎರಡ್ ಸಲ" ಎಂದರು ಜಯಮ್ಮ.

"ಯಾವಾಗಮ್ಮಿ?"

"ಒಂದ್ಸಲ ಬನ್ನೂರ್ ದಾಟಿದ ಮ್ಯಾಲೆ. ಇನ್ನೊಂದ್ಸಲ ಓದ್ ತಿಂಗ್ಳು, ಇಸ್ಕೂಲ್ ತಾವ. ನೀವು ಎಚ್ರಾಗಿ, ಯಾಕ್ ನಿಂತೋಯ್ತು ಅಂದ್ರಿ. ನೀವೇ ನಿಲ್ಸುದ್ರಿ ಅಂತ ಏಳ್ದೆ."

ಪುಟ್ಟಸ್ವಾಮಿ ಪೂರ್ತಿ ಹೆಂಡತಿಯ ಕಡೆ ತಿರುಗಿ ಕುಳಿತರು. ಅವರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಬಗೆಯೇ ಇರಲಿಲ್ಲ. ನನಗೆ ಆ ಮುಖ ಪರಿಚಿತ. ಅಡುಗೆಮನೆಯಲ್ಲಿ ಗಂಡನ ಮೇಲೆ ರೇಗಿದ ಆ ಬೆಳಿಗ್ಗೆ ನನ್ನ ಮುಖವೂ ಹೀಗೇ ಇದ್ದಿರಬೇಕು.

"ಇಸ್ಕೂಲ್ ತಾವ" ಎಂದರು ಪುಟ್ಟಸ್ವಾಮಿ. "ಬಿಡೋ ಒತ್ತಾ?"

ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳಲು ಶುರುಮಾಡಿದ್ದರು. "ಏಳುದ್ರೆ ನೀವ್ ಕುಗ್ಗೋಯ್ತೀರಿ ಅಂತ" ಎಂದಷ್ಟು ನನಗೆ ಕೇಳಿಸಿತು. ನಾನು ಎದ್ದು ಹೋಗಿ ಅವರ ಪಕ್ಕ ಕುಳಿತೆ. ಪುಟ್ಟಸ್ವಾಮಿ ಸಿಂಚನಳ ಎಡಗೈಯನ್ನು ನೋಡುತ್ತಿದ್ದರು. ತಂತಿ ತೆಗೆದ ಮೇಲೂ ಆ ಕೈ ಪೂರ್ತಿ ನೀಳವಾಗುವುದಿಲ್ಲ, ಸ್ವಲ್ಪ ಬಾಗಿಯೇ ಇರುತ್ತದೆ. ಅವಳು ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಹಾಗೇ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಅವರ ಹೆಸರು ಕರೆದರು. ಇಬ್ಬರೂ ಒಳಗೆ ಹೋದರು. ಬಾಗಿಲ ಹಿಂದೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ನಮ್ಮ ಸರದಿ ಮುಗಿದು ಹೊರಗೆ ಬಂದಾಗ ಅವರು ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದರು. ಒಳಗಡೆ ಮರದ ಕೆಳಗೆ ಟೆಂಪೊ ನಿಂತಿತ್ತು. ಪುಟ್ಟಸ್ವಾಮಿ ನನ್ನನ್ನು ನೋಡಿ ಹತ್ತಿರ ಬಂದರು.

"ಮೇಡಮ್, ಬನ್ನೂರ್ ಬಸ್ಸು ಎಲ್ಲಿ ನಿಲ್ತದೆ? ನಂಗ್ ಗೊತ್ತಿಲ್ಲ. ಇಪ್ಪತ್ತೊರ್ಸ ಆಯ್ತು ಬಸ್ ಅತ್ತಿ."

"ಗಾಡಿ?"

"ಇಲ್ಲೇ ಇರ್ಲಿ. ಬಾಮೈದುಂಗೆ ಏಳಿವ್ನಿ, ಬಂದು ತಗಂಡೋಯ್ತಾನೆ."

ನಾವು ನಾಲ್ವರೂ ನಿಲ್ದಾಣದವರೆಗೆ ನಡೆದೆವು. ರಸ್ತೆ ದಾಟುವಾಗ ಸಿಂಚನ ನಡುವೆ ನಿಂತು ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಪುಟ್ಟಸ್ವಾಮಿಯವರನ್ನೂ ಹಿಡಿದುಕೊಂಡಳು. ಬನ್ನೂರಿನ ಬಸ್ಸು ಬಂತು. ಹತ್ತುವಾಗ ಪುಟ್ಟಸ್ವಾಮಿ ಅಭ್ಯಾಸಬಲದಿಂದ ಡ್ರೈವರ್ ಬಾಗಿಲ ಕಡೆಗೆ ಹೆಜ್ಜೆ ಹಾಕಿ, ಜಯಮ್ಮ ಎಳೆದ ಮೇಲೆ ಹಿಂದಕ್ಕೆ ಬಂದರು.

ಅವತ್ತು ಅವರು ಬಸ್ಸಿನಲ್ಲಿ ಹೋದರು. ಮಾರನೆಯ ದಿನದ್ದು ನನಗೆ ಗೊತ್ತಿಲ್ಲ. ಮುಂದಿನ ತಪಾಸಣೆಗೆ ಅವರು ಬರಲಿಲ್ಲ. ಬೇರೆ ದಿನ ಬಂದು ಹೋಗಿರಬಹುದು. ನಂಬರು ನನ್ನ ಫೋನಿನಲ್ಲಿದೆ. ಎಷ್ಟೋ ಸಲ ತೆಗೆಯುತ್ತೇನೆ, ಅಷ್ಟರಲ್ಲಿ ಅವರೇನಾದರೂ ಓಡಿಸುತ್ತಿದ್ದರೆ, ಸರಿಯಾಗಿ ಆ ಹೊತ್ತಿಗೇ ನನ್ನ ಫೋನು ಹೊಡೆದುಕೊಂಡರೆ ಎನ್ನಿಸುತ್ತದೆ. ಒತ್ತದೆ ಕೆಳಗಿಡುತ್ತೇನೆ.